ಆ ಎಕ್ಸೆಲ್ ಶೀಟ್ ಇನ್ನು ಯಾರಿಗೂ ಕಳಿಸಲ್ಲ

ಈ ಕಡೆ ಬರದೆ ತುಂಬಾ ದಿನ ಆಗಿತ್ತು. ಬ್ಲಾಗಿಗೆ ಜೇಡ ಕಟ್ಟಿದೆ. ಲಾಗಿನ್ ಪಾಸ್‌ವರ್ಡೂ ಮರೆತು, ಎರಡು ಸಲ ರೀಸೆಟ್ ಮಾಡಿ ಒಳಗೆ ಬಂದಿದ್ದೇನೆ :-) ಇನ್ನೂ ಬಾಗಿಲು ಮುಚ್ಚದೆ ಕನ್ನಡದಲ್ಲಿ ಬರೀತಿರೋ ನಾಲ್ಕಾರು ಗೆಳೆಯರು ಇದ್ದೀರಲ್ಲ, ಇದು ನಿಮಗಾಗಿ. ಸ್ವಲ್ಪ ಜಗಳದ ಬರಹ. ಮೊದಲೇ ಹೇಳಿಬಿಡ್ತೀನಿ, ಜಗಳದಲ್ಲಿ ಮೊದಲ ಆರೋಪಿ ನಾನೇ.

ವಿಷಯ ಇಷ್ಟು. 2024ರ ಡಿಸೆಂಬರ್‌ನಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕರ್ಕೊಂಡು ಕೆರಿಬಿಯನ್ ಕಡೆ ಏಳು ರಾತ್ರಿಯ ಕ್ರೂಸ್ ಹೋಗಿ ಬಂದೆ. ಹೋಗುವ ಮೊದಲು ಸಾಫ್ಟ್‌ವೇರ್ ಇಂಜಿನಿಯರ್ ಅನ್ನಿಸಿಕೊಂಡವನು ಮಾಡೋ ಕೆಲಸಾನೇ ಮಾಡಿದೆ. ಒಂದು ಎಕ್ಸೆಲ್ ಶೀಟ್ ತಯಾರಿಸಿದೆ. ಯಾವ ದ್ವೀಪದಲ್ಲಿ ಎಷ್ಟು ಹೊತ್ತಿಗೆ ಇಳಿಯೋದು, ಏನು ನೋಡೋದು, ಎಷ್ಟೊತ್ತಿಗೆ ವಾಪಸ್, ಯಾವ ಹೊತ್ತಿನ ಊಟ ಹಡಗಿನ ಯಾವ ಮಹಡಿಯಲ್ಲಿ, ಸಸ್ಯಾಹಾರಕ್ಕೆ ಯಾರಿಗೆ ಹೇಳಬೇಕು, ಎಲ್ಲಾ ಅದರಲ್ಲಿತ್ತು. ಬಣ್ಣ ಬೇರೆ ತುಂಬಿದ್ದೆ. ಅದು ಒಬ್ಬರಿಂದ ಒಬ್ಬರಿಗೆ ಹೋಗಿ, ನನಗೆ ಮುಖಪರಿಚಯವೂ ಇಲ್ಲದ ಕನ್ನಡದ ಕುಟುಂಬಗಳು ಅದನ್ನೇ ಹಿಡ್ಕೊಂಡು ಕ್ರೂಸ್ ಹೋಗಿ ಬಂದವಂತೆ. ಈಗಲೂ ತಿಂಗಳಿಗೊಬ್ಬರು ಕೇಳ್ತಾರೆ, "ಗುರೂ, ಆ ಶೀಟ್ ಕಳಿಸಪ್ಪಾ".

ಕಳಿಸಲ್ಲ. ಯಾಕೆ ಅಂತ ಹೇಳೋಕೇ ಈ ಬರಹ.

ಆ ಶೀಟಿನಲ್ಲಿ ಒಂದು ಕಾಲಂ ಇದೆ, "ಮಧ್ಯಾಹ್ನದ ಊಟ". ಏಳು ದಿನದಲ್ಲಿ ನಾವು ನಾಲ್ಕು ಕಡೆ ನೆಲಕ್ಕೆ ಇಳಿಯೋದಿತ್ತು. ಒಂದು ಕಂಪನಿಯದೇ ಸ್ವಂತ ದ್ವೀಪ, ಆಮೇಲೆ ಜಮೈಕಾದ ಫಾಲ್ಮತ್, ಗ್ರ್ಯಾಂಡ್ ಕೇಮನ್, ಕೊನೆಗೆ ಮೆಕ್ಸಿಕೋದ ಕೊಝುಮೆಲ್. ನಾಲ್ಕೂ ದಿನ ಆ ಕಾಲಂನಲ್ಲಿ ನಾನು ಬರೆದಿದ್ದು ಒಂದೇ ಮಾತು: "ಹಡಗಿಗೆ ವಾಪಸ್". ಪಕ್ಕದಲ್ಲಿ ಷರಾ ಬೇರೆ, "ದುಡ್ಡು ಕೊಟ್ಟಾಗಿದೆ, ಹೊರಗೆ ತಿನ್ನಬೇಡಿ".

ಇದು ನನ್ನ ಸ್ವಂತ ಜ್ಞಾನ ಏನಲ್ಲ. ಕ್ರೂಸ್ ಹೋಗಿಬಂದ ನಮ್ಮವರ ಬರಹಗಳನ್ನ ಓದಿ ನೋಡಿ. ಬಫೆಯ ಫೋಟೋ ಇಪ್ಪತ್ತು, ದ್ವೀಪದ ಫೋಟೋ ಎರಡು. ಅದರಲ್ಲೂ ಒಂದು, ದಡದಿಂದ ಹಡಗನ್ನೇ ತೆಗೆದದ್ದು! ಸಲಹೆಗಳೂ ಒಂದೇ ಥರ. ಹೊರಗಿನ ನೀರು ಮುಟ್ಟಬೇಡಿ, ಬಂದರಿನ ಗೇಟು ದಾಟಬೇಡಿ, ಹಡಗಿನವರ ಟೂರ್ ಬಿಟ್ಟು ಬೇರೆ ತಗೋಬೇಡಿ, ಊಟಕ್ಕೆ ಹಡಗಿಗೇ ಬನ್ನಿ. ಇವನ್ನೆಲ್ಲ ಒಟ್ಟುಗೂಡಿಸಿ ನಾನು ಶೀಟ್ ಮಾಡಿದೆ, ಅಷ್ಟೆ.

ಈಗ ಫಾಲ್ಮತ್ ಕಥೆ ಕೇಳಿ.

ಬಂದರಿನ ಒಳಗಡೆ ಎಲ್ಲಾ ಥಳಥಳ. ವಜ್ರದಂಗಡಿ, ವಾಚಂಗಡಿ, ಅಮೆರಿಕಾದ್ದೇ ಪೇಟೆ ತಂದು ಇಟ್ಟಂಗೆ. 2011ರಲ್ಲಿ ದೊಡ್ಡ ಹಡಗುಗಳಿಗೆಂದೇ ಶುರುವಾದ ಬಂದರು ಅದು. ಗೇಟು ದಾಟಿದರೆ ನಿಜವಾದ ಊರು. ಹಳೇ ಕಲ್ಲಿನ ಮನೆಗಳು, ಒಂದು ಕಾಲದಲ್ಲಿ ಸಕ್ಕರೆ ವ್ಯಾಪಾರದಲ್ಲಿ ಮೆರೆದ ಊರು. ನಮ್ಮ ಟೂರ್ ಮುಗಿಸಿ ಬಸ್ಸಿನಿಂದ ಇಳಿದು ಗೇಟಿನ ಕಡೆ ಬರುವಾಗ ಒಬ್ಬಾಕೆ ರಸ್ತೆ ಬದಿಗೆ ಇದ್ದಿಲ ಒಲೆ ಇಟ್ಕೊಂಡು ಇಡೀ ಕಾಯಿ ಸುಡ್ತಾ ಕೂತಿದ್ದರು. ಸಿಪ್ಪೆ ಕರ್ರಗೆ ಸುಟ್ಟು, ಒಳಗೆ ಬೆಳ್ಳಗೆ. ಪಕ್ಕದಲ್ಲಿ ಒಂದು ಪಾತ್ರೆ ಮುಚ್ಚಿಟ್ಟಿದ್ದರು. ಮುಂದೆ ಗಿರಾಕಿ ಒಬ್ಬರೂ ಇಲ್ಲ. ಅವರ ಮುಂದೆ ಸಾವಿರಾರು ಜನ ಹಡಗಿನ ಕಡೆ ಸಾಲಾಗಿ ನಡೀತಿದ್ದಾರೆ, ಊಟದ ಹೊತ್ತು ನೋಡಿ!

ಅವ್ವ ನಿಂತುಬಿಟ್ಟಳು.

"ಅಲ್ಲೋ ತಮ್ಮಾ, ಆಕಿ ಒಲಿ ಹಚ್ಚಿ ಎಷ್ಟೊತ್ತಾತೋ ಏನೋ. ಒಬ್ರೂ ನಿಂತಿಲ್ಲ ನೋಡು ಆಕಿ ಮುಂದ."

ನಾನು ಅಂದೆ, "ಯವ್ವ, ಬ್ಯಾಡ. ಹೊಟ್ಟಿ ಕೆಟ್ರ ಕಷ್ಟ. ಹಡಗಿನ್ಯಾಗ ಊಟ ಐತಿ, ರೊಕ್ಕ ಕೊಟ್ಟೀವಿ. ನಡಿ."

ಅವ್ವ ನಡೆದಳು. ಹತ್ತು ಹೆಜ್ಜೆ ಆದಮೇಲೆ ತಿರುಗಿ ನೋಡದೇ ಅಂದಳು, "ನಮ್ಮ ಅಂಗಡಿ ಮುಂದೂ ಹಿಂಗ ಅಂತಿದ್ರು."

ಅಷ್ಟೇ. ಆಮೇಲೆ ಹಡಗಿನಲ್ಲಿ ಅವ್ವ ಪನೀರ್, ದಾಲ್, ಅನ್ನ, ಐಸ್‌ಕ್ರೀಮ್ ಎಲ್ಲಾ ತಟ್ಟೆಗೆ ಹಾಕ್ಕೊಂಡು ಸುಮ್ಮನೆ ಉಂಡಳು. ನನಗೆ ತುತ್ತು ಇಳೀಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮೂರು ಮೈಲಾರ. ಹೂವಿನ ಹಡಗಲಿ ತಾಲೂಕು. ನಾನು ಓದುವಾಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ತುಂಗಭದ್ರೆಯ ದಡ. ನಮ್ಮ ತಾಲೂಕಿನ ಹೆಸರಲ್ಲೇ ಹಡಗು ಇದೆ ನೋಡಿ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹೊಳೆ ಮೇಲೆ ಹಡಗಿನಲ್ಲಿ ಹೂವು ಹೋಗ್ತಿತ್ತು, ಅದಕ್ಕೇ ಹೂವಿನ ಹಡಗಲಿ ಅಂತ ನಮ್ಮ ಕಡೆ ಹೇಳ್ತಾರೆ. ಹಡಗಲಿ ಮಲ್ಲಿಗೆ ನೀವೂ ಕೇಳಿರ್ತೀರಿ.

ಮೈಲಾರ ಅಂದ್ರೆ ಮೈಲಾರಲಿಂಗ, ಮೈಲಾರಲಿಂಗ ಅಂದ್ರೆ ಭರತ ಹುಣ್ಣಿಮೆಯ ಜಾತ್ರೆ. ರಥಸಪ್ತಮಿಯಿಂದ ಶುರು. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ಕಾರ್ಣಿಕ ನುಡೀತಾರೆ. ಲಕ್ಷಗಟ್ಟಲೆ ಜನ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಾರೆ. ಆ ಒಂದು ಸಾಲಿನ ಮಾತಿನಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲಾ ಹುಡುಕ್ತಾರೆ. ಮಾರನೇ ದಿನ ಪೇಪರಿನಲ್ಲಿ ನೀವೂ ಓದಿರ್ತೀರಿ. ಕರಡಿ ಚರ್ಮದ ಟೊಪ್ಪಿಗೆ, ಕೈಯಲ್ಲಿ ಡಮರುಗ, ಕಪ್ಪು ಕಂಬಳಿಯ ಗೊರವರ ಚಿತ್ರಾನೂ ನೋಡಿರ್ತೀರಿ.

ನಮ್ಮದು ಜಾತ್ರೆ ಅಂಗಡಿ. ಮಿರ್ಚಿ, ಮಂಡಕ್ಕಿ ಒಗ್ಗರಣೆ, ಚಹಾ. ಅವ್ವ ಬಾಣಲಿ ಮುಂದೆ, ಅಪ್ಪ ಗಲ್ಲಾ ಮುಂದೆ, ನಾನು ಪ್ಲೇಟು ತೊಳೆಯೋದು. ವರ್ಷವಿಡೀ ಅಪ್ಪ ಬೇರೆಯವರ ಹೊಲದಲ್ಲಿ ದುಡಿದರೂ ನನ್ನ ಕಾಲೇಜಿನ ಫೀಸು ಹುಟ್ಟಿದ್ದು ಆ ಹತ್ತು ಹದಿನೈದು ದಿನದ ಬಾಣಲಿಯಿಂದ. ದಾವಣಗೆರೆಯಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು ಕಡಲೆಹಿಟ್ಟಿನ ದುಡ್ಡಲ್ಲಿ ಅಂದ್ರೆ ಸುಳ್ಳಲ್ಲ.

ಬರಬರ್ತಾ ಜಾತ್ರೆಗೆ ಪ್ಯಾಕೇಜ್ ಬಸ್ಸು ಬರೋದು ಜಾಸ್ತಿ ಆಯ್ತು. ದೊಡ್ಡ ಊರಿನಿಂದ ಬರೋವು. ಬಸ್ಸಿನ ಹಿಂದೆ ಅಡುಗೆಯವರು, ಗ್ಯಾಸ್ ಸಿಲಿಂಡರ್, ತರಕಾರಿ ಮೂಟೆ, ನೀರಿನ ಕ್ಯಾನು ಎಲ್ಲಾ. ಹೊಳೆ ದಂಡೆಯಲ್ಲಿ ನಿಲ್ಲಿಸಿ ಅಲ್ಲೇ ಅನ್ನ ಸಾಂಬಾರು ಮಾಡಿ ಉಂಡು, ಪ್ಲಾಸ್ಟಿಕ್ ತಟ್ಟೆ ಅಲ್ಲೇ ಬಿಟ್ಟು, ಕಾರ್ಣಿಕ ಕೇಳಿ ಒಂದು ತಾಸಿನಲ್ಲಿ ಮಾಯ. ಅಂಗಡಿ ಮುಂದೆ ಮಕ್ಕಳು ನಿಂತು ಮಿರ್ಚಿ ಕಡೆ ಕೈ ತೋರಿಸಿದರೆ ತಾಯಂದಿರು ಎಳ್ಕೊಂಡು ಹೋಗೋರು. "ಬೇಡ, ಹೊಟ್ಟೆ ಕೆಡುತ್ತೆ. ಬಸ್ಸಲ್ಲಿ ಊಟ ಇದೆ, ದುಡ್ಡು ಕೊಟ್ಟಿದ್ದೀವಿ." ಅವ್ವನಿಗೆ ಆ ಮಾತು ಪಾಠ ಆಗಿತ್ತು. ಅದನ್ನೇ ಮಗ ಹತ್ತು ಸಾವಿರ ಮೈಲಿ ಆಚೆ ಬೇರೆ ಹೆಂಗಸಿನ ಒಲೆ ಮುಂದೆ ಒಪ್ಪಿಸಿದ. ಅದೂ ಅವ್ವನಿಗೇ.

ಈಗ ನೀವು ಕೇಳಬಹುದು, ಒಂದು ಮಿರ್ಚಿ ಅಂಗಡಿಗೂ ಕ್ರೂಸಿಗೂ ಎಲ್ಲಿಂದೆಲ್ಲಿಗೆ ಸಂಬಂಧ? ಸಂಬಂಧ ಇದೆ. ಲೆಕ್ಕ ಮಾಡೋಣ.

ಇವತ್ತಿನ ದೊಡ್ಡ ಹಡಗೊಂದರಲ್ಲಿ ಎಷ್ಟು ಜನ ಇರ್ತಾರೆ? 2024ರ ಜನವರಿಯಲ್ಲಿ ಮೊದಲ ಯಾನ ಮಾಡಿದ "ಐಕಾನ್ ಆಫ್ ದ ಸೀಸ್" ತುಂಬಿದರೆ ಸುಮಾರು 7,600 ಪ್ರಯಾಣಿಕರು, 2,350 ಸಿಬ್ಬಂದಿ. 20 ಮಹಡಿ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿ ಬೆಳಿಗ್ಗೆ ಎಂಟಕ್ಕೆ ಒಂದು ಊರಿಗೆ ಇಳಿದು ಸಂಜೆ ಐದಕ್ಕೆ ಎದ್ದು ಹೋದಂಗೆ. ಇಂಥ ಎರಡು ಮೂರು ಹಡಗು ಒಂದೇ ದಿನ ಬರೋದೂ ಉಂಟು. ಇಷ್ಟು ಜನಕ್ಕೆ ಆ ಊರು ರಸ್ತೆ ಕೊಡಬೇಕು, ಪೊಲೀಸರನ್ನ ನಿಲ್ಲಿಸಬೇಕು, ಕಸ ಎತ್ತಬೇಕು, ಸಮುದ್ರದ ತಳ ಅಗೆದು ಹಡಗು ನಿಲ್ಲೋಕೆ ಜಾಗ ಮಾಡಬೇಕು. ಬದಲಿಗೆ ಬರೋದೇನು? ತಲೆಗಿಷ್ಟು ಅಂತ ಬಂದರು ತೆರಿಗೆ, ಮತ್ತೆ ಇಳಿದವರು ಖರ್ಚು ಮಾಡಿದ್ದು. ಇಳಿದವರು ಕಂಪನಿಯ ಟೂರಿನಲ್ಲಿ ಹೋಗಿ, ಹಡಗಿನವರು ಹೆಸರಿಸಿದ ಅಂಗಡಿಯಲ್ಲಿ ಕೊಂಡು, ಹಡಗಿಗೇ ಬಂದು ಉಂಡರೆ ಊರಿಗೆ ಉಳಿಯೋದು ಚಿಲ್ಲರೆ ಮತ್ತು ಕಸ.

ಕಂಪನಿಗಳ ಲೆಕ್ಕವೂ ಕೇಳಿ. ಕಾರ್ನಿವಲ್ ನೋಂದಣಿ ಬಹುಕಾಲ ಇದ್ದದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಬರ್ಮುಡಾದಲ್ಲಿ. ಮೂರರ ಮುಖ್ಯ ಕಚೇರಿಯೂ ಮಯಾಮಿ ಸೀಮೆಯಲ್ಲೇ! ಹಡಗಿನ ಬಾವುಟ ಬಹಾಮಾಸ್‌ದೋ ಪನಾಮಾದ್ದೋ ಇರುತ್ತೆ. ಅಮೆರಿಕಾದ 1886ರ ಒಂದು ಕಾಯ್ದೆ ಪ್ರಕಾರ ಪರದೇಶದ ಬಾವುಟದ ಹಡಗು ಬರೀ ಅಮೆರಿಕಾದ ಬಂದರುಗಳ ನಡುವೆ ಪ್ರಯಾಣಿಕರನ್ನ ಸುತ್ತಾಡಿಸೋ ಹಾಗಿಲ್ಲ, ನಡುವೆ ಬೇರೆ ದೇಶ ಮುಟ್ಟಲೇಬೇಕು. ಅಂದ್ರೆ ಈ ದ್ವೀಪಗಳು ಇಲ್ಲದಿದ್ದರೆ ಫ್ಲಾರಿಡಾದಿಂದ ಹೊರಡೋ ಈ ವ್ಯಾಪಾರವೇ ಇಲ್ಲ. ಆದರೂ ದ್ವೀಪದವರೇ ಕೈ ಚಾಚಿ ನಿಲ್ಲಬೇಕು.

ಕಂಪನಿಯವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಊರಿನ ಗೊಡವೆಯೇ ಬೇಡ ಅಂತ ಸ್ವಂತ ದ್ವೀಪ ಕೊಂಡುಬಿಡೋದು. ನಾರ್ವೇಜಿಯನ್‌ನವರು ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ತಗೊಂಡಿದ್ದು 1977ರಲ್ಲಿ. ಡಿಸ್ನಿಯವರದು 1998ರಿಂದ ಇದೆ. ರಾಯಲ್ ಕೆರಿಬಿಯನ್‌ನವರು ಕೊಕೊಕೇ ದ್ವೀಪಕ್ಕೆ 25 ಕೋಟಿ ಡಾಲರ್ ಸುರಿದು 2019ರಲ್ಲಿ ಹೊಸದಾಗಿ ತೆರೆದರು. ಕಾರ್ನಿವಲ್‌ನವರದು 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ ಶುರುವಾಯ್ತು. ಅಲ್ಲಿ ಮರಳು ಅವರದು, ಕುರ್ಚಿ ಅವರದು, ಅಡುಗೆ ಅವರದು. ಊರಿಲ್ಲ, ಊರವರಿಲ್ಲ, ಒಲೆ ಹಚ್ಚಿ ಕೂತ ಹೆಂಗಸಿಲ್ಲ. ನಾವೂ ಅಂಥದ್ದೊಂದರಲ್ಲಿ ಒಂದು ದಿನ ಇದ್ವಿ. ಅಪ್ಪ ಸಂಜೆ ಕೇಳಿದ, "ಇದು ಯಾವ ಊರೋ?" ನನ್ನ ಹತ್ರ ಉತ್ತರ ಇರಲಿಲ್ಲ.

ಹೈಟಿಯ ಲಬಾದಿ ಕಥೆ ನಿಮಗೆ ನೆನಪಿರಬಹುದು. ಉತ್ತರ ತೀರದ ಒಂದು ತುಂಡು ನೆಲ, 1980ರ ದಶಕದಿಂದ ಹಡಗು ಕಂಪನಿಗೆ ಗುತ್ತಿಗೆ, ಸುತ್ತ ಬೇಲಿ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಗಿ ಲಕ್ಷಾಂತರ ಜನ ಸತ್ತರು. ಮೂರೇ ದಿನಕ್ಕೆ ಪ್ರವಾಸಿಗಳ ಹಡಗು ಲಬಾದಿಗೆ ಬಂತು. ಬೇಲಿಯೊಳಗೆ ಜನ ಈಜಿ, ಸುಟ್ಟ ಮಾಂಸ ತಿಂದು ಹೋದರು. ಆಗ ಜಗತ್ತಿನಲ್ಲೆಲ್ಲ ಜಗಳ ಆಯ್ತು. ಕಂಪನಿಯವರು ಹಡಗಿನಲ್ಲಿ ಪರಿಹಾರದ ಸಾಮಾನು ತಂದಿದ್ದೀವಿ, ಇಲ್ಲಿ ಬರೋದು ನಿಲ್ಲಿಸಿದರೆ ಕೆಲಸದವರ ಹೊಟ್ಟೆಗೆ ಏಟು ಅಂದರು. ಆ ಮಾತಿನಲ್ಲೂ ನಿಜ ಇದೆ, ನಾನು ಇಲ್ಲ ಅನ್ನಲ್ಲ. ಹಡಗು ಬರಬಾರದು ಅಂತ ನನ್ನ ವಾದವೇ ಅಲ್ಲ. ಜಾತ್ರೆಗೆ ಬಸ್ಸೇ ಬೇಡ ಅಂತ ಅವ್ವ ಯಾವತ್ತೂ ಅಂದವಳಲ್ಲ. ಬಂದವರು ಬೇಲಿ ಕಟ್ಕೊಂಡು ಬರಬೇಡಿ ಅನ್ನೋದಷ್ಟೇ.

ಎಲ್ಲಾ ದ್ವೀಪದವರೂ ಸುಮ್ಮನಿಲ್ಲ ಅನ್ನೋದೂ ಗೊತ್ತಿರಲಿ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ತಾಗೋ ಕಟ್ಟೆಯೇ ಇಲ್ಲ. ಹಡಗು ದೂರ ನಿಲ್ಲುತ್ತೆ, ಸಣ್ಣ ದೋಣಿಯಲ್ಲಿ ಇಳಿಸ್ತಾರೆ. ಕಟ್ಟೆ ಕಟ್ಟಬೇಕಾ ಅಂತ 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದರು. ಜನ ಬೇಡ ಅಂದರು.

ಸರಿ, ನಮ್ಮವರ ಆಕ್ಷೇಪಣೆಗಳಿಗೆ ಬರೋಣ. ನನಗೆ ಎಲ್ಲಾ ಬಾಯಿಪಾಠ, ಯಾಕಂದ್ರೆ ಇವೆಲ್ಲ ನನ್ನವೇ.

ಒಂದು: "ಹಡಗಿನ ಊಟಕ್ಕೆ ದುಡ್ಡು ಕೊಟ್ಟಾಗಿದೆ." ಹೌದು, ಕೊಟ್ಟಾಗಿದೆ. ತಿಂದರೂ ಹೋಯ್ತು, ತಿನ್ನದಿದ್ದರೂ ಹೋಯ್ತು. ಆ ದುಡ್ಡು ಮುಗಿದ ಕಥೆ. ಒಂದು ಹೊತ್ತು ಅಲ್ಲಿ ಉಣ್ಣದಿದ್ದರೆ ನಷ್ಟ ಏನು? ಬೆಳಿಗ್ಗೆ, ಸಂಜೆ, ನಡುರಾತ್ರಿ ಹೆಂಗೂ ತಿಂತೀವಿ. ಏಳು ದಿನದಲ್ಲಿ ಹಡಗಿನಲ್ಲಿ ಇಪ್ಪತ್ತು ಊಟ ಇದ್ದರೆ ದಡದಲ್ಲಿ ಮೂರು ಉಣ್ಣೋಕೆ ಆಗಲ್ವಾ?

ಎರಡು: "ನಾವು ಸಸ್ಯಾಹಾರಿಗಳು, ಅಲ್ಲಿ ಏನು ಸಿಗುತ್ತೆ?" ಇದು ಶುದ್ಧ ಅಜ್ಞಾನ. ಜಮೈಕಾದ ರಾಸ್ತಾಫಾರಿ ಜನ "ಐಟಲ್" ಅಂತ ಒಂದು ಊಟದ ಪದ್ಧತಿ ಇಟ್ಕೊಂಡಿದ್ದಾರೆ. ಕಟ್ಟುನಿಟ್ಟಾಗಿ ನಡೆಸೋರು ಮಾಂಸ ಮುಟ್ಟಲ್ಲ, ಉಪ್ಪನ್ನೂ ಬಿಡ್ತಾರೆ. ತೆಂಗಿನ ಹಾಲು, ಕಾಳು, ಸೊಪ್ಪು, ಗೆಣಸು. ಅನ್ನ-ಕಾಳನ್ನ ತೆಂಗಿನ ಹಾಲಲ್ಲಿ ಬೇಯಿಸ್ತಾರೆ, ಮರಗೆಣಸಿನ ರೊಟ್ಟಿ ಮಾಡ್ತಾರೆ, ಬಾಳೆಕಾಯಿ ಕರೀತಾರೆ. ಇದರಲ್ಲಿ ಯಾವುದು ನಮಗೆ ಪರದೇಶಿ? ಆ ಹೆಂಗಸು ಸುಡ್ತಿದ್ದ ಕಾಯಿ ಯಾವುದು ಅಂತ ಆಮೇಲೆ ಗೊತ್ತಾಯ್ತು. ನಮ್ಮ ಮಂಗಳೂರು ಕಡೆಯವರ ಜೀಗುಜ್ಜೆ! ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ ಇಂಗ್ಲಿಷರ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಸಾಗರದ ತಾಹಿತಿಯಿಂದ 1793ರಲ್ಲಿ ಹಡಗಿನಲ್ಲಿ ಸಸಿ ತಂದ. ಅದರ ಮೊದಲಿನ ಪ್ರಯತ್ನದಲ್ಲೇ "ಬೌಂಟಿ" ಹಡಗಿನ ಆಳುಗಳು ದಂಗೆ ಎದ್ದು ಅವನನ್ನ ಸಮುದ್ರಕ್ಕೆ ತಳ್ಳಿದ್ದು. ಗುಲಾಮರಿಗೆ ಅಂತ ತಂದ ಕಾಯಿ ಈಗ ಅವರ ಮೊಮ್ಮಕ್ಕಳ ಹೆಮ್ಮೆಯ ಊಟ. ಇಷ್ಟೆಲ್ಲ ಕಥೆ ಆ ಇದ್ದಿಲ ಒಲೆ ಮೇಲೆ ಸುಡ್ತಿತ್ತು. ನಾನು ಪನೀರ್ ಬಟರ್ ಮಸಾಲಕ್ಕೆ ಓಡಿದೆ.

ಇನ್ನೊಂದು ಮಾತು. 1845ರಲ್ಲಿ ಜಮೈಕಾಕ್ಕೂ ಟ್ರಿನಿಡಾಡಿಗೂ ಭಾರತದಿಂದ ಕೂಲಿಯವರ ಮೊದಲ ಹಡಗುಗಳು ಹೋದವು. ಟ್ರಿನಿಡಾಡ್‌ಗೆ ಹೋದದ್ದು "ಫತೆಲ್ ರಝಾಕ್", ಮೇ 30ಕ್ಕೆ ಮುಟ್ಟಿತು. ಮದ್ರಾಸಿನಿಂದಲೂ ಎಷ್ಟೋ ಹಡಗು ಹೋಗಿವೆ. ಟ್ರಿನಿಡಾಡಿನಲ್ಲಿ ಬೆಳಿಗ್ಗೆ ಬೀದಿಯಲ್ಲಿ "ಡಬಲ್ಸ್" ಮಾರ್ತಾರೆ, ಎರಡು ಮೆತ್ತನೆ ಬಡಾ ನಡುವೆ ಕಡಲೆಕಾಳಿನ ಪಲ್ಯ. ಪೂರ್ತಿ ಸಸ್ಯಾಹಾರ. ನಮ್ಮವರ ವಂಶದವರೇ ಬೀದಿಯಲ್ಲಿ ನಿಂತು ಬಡಿಸುವಾಗ ನಾವು ಅದನ್ನ ಬಿಟ್ಟು ಹಡಗಿಗೆ ಬಂದು "ಇಂಡಿಯನ್ ಫುಡ್ ಇದೆಯಾ" ಅಂತ ಕೇಳ್ತೀವಿ.

ಮೂರು: "ಹೊಟ್ಟೆ ಕೆಟ್ಟರೆ?" ನಿಜ, ಎಚ್ಚರ ಬೇಕು. ಕತ್ತರಿಸಿಟ್ಟ ಹಣ್ಣು ಬೇಡ, ನೀರು ಸೀಲಿನ ಬಾಟಲಿಯದ್ದೇ ಕುಡೀರಿ. ಆದರೆ ಕಣ್ಣೆದುರು ಬಿಸಿ ಬಿಸಿ ಬೆಂದಿದ್ದಕ್ಕೆ ಹೆದರೋದ್ಯಾಕೆ? ಸಾವಿರ ಜನ ಒಂದೇ ಚಮಚ ಹಿಡಿದು ಬಡಿಸಿಕೊಳ್ಳೋ ಹಡಗಿನ ಬಫೆ ಅಷ್ಟು ಮಡಿಯೇನಲ್ಲ. ಹಡಗುಗಳಲ್ಲಿ ನೋರೋವೈರಸ್ ಹಬ್ಬಿ ನೂರಾರು ಜನ ಮಲಗಿದ ಸುದ್ದಿ ವರ್ಷ ವರ್ಷವೂ ಬರುತ್ತೆ. ಬಾಗಿಲಲ್ಲಿ ಕೈ ತೊಳೀರಿ ಅಂತ ಅಷ್ಟು ಗೋಗರೆಯೋದು ಸುಮ್ಮನೆ ಅಲ್ಲ.

ನಾಲ್ಕು: "ಹಡಗು ತಪ್ಪಿದರೆ?" ಇದೊಂದು ಗಟ್ಟಿ ಮಾತು. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತೆ, ನೀವೇ ಹೋದದ್ದು ತಡವಾದರೆ ಕಾಯಲ್ಲ. ಅದಕ್ಕೇ ದೂರದ ಜಾಗಕ್ಕೆ ಹಡಗಿನ ಟೂರ್ ತಗೊಳ್ಳಿ, ನಾನು ಬೇಡ ಅನ್ನಲ್ಲ. ಆದರೆ ಊಟಕ್ಕೆ ದೂರ ಹೋಗಬೇಕಾಗಿಲ್ಲ. ಗೇಟಿನಿಂದ ಹದಿನೈದು ನಿಮಿಷ ನಡೆದರೆ ಸಾಕು.

ಅಪ್ಪ ಮಾತ್ರ ನನ್ನ ಬಾಯಿ ಮುಚ್ಚಿಸೋ ಪ್ರಶ್ನೆ ಕೇಳಿದ. ಆ ರಾತ್ರಿ ಡೆಕ್ಕಿನ ಮೇಲೆ ಕೂತಾಗ ನಾನು ಇದನ್ನೆಲ್ಲ ಭಾಷಣ ಮಾಡಿದೆ. ಅಪ್ಪ ನಿಧಾನಕ್ಕೆ ಅಂದ, "ನಾವೂ ಕೊಟ್ಟೂರು ತೇರಿಗೆ ಬುತ್ತಿ ಕಟ್ಕೊಂಡ ಹೊಕ್ಕಿದ್ವಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಒಂದು ಹೊಟೇಲಿಗೂ ಹೋದವ್ರಲ್ಲ. ಹಂಗಾರ ನಾವೂ ತಪ್ಪೇನು?"

ತುಂಬಾ ಹೊತ್ತು ಯೋಚನೆ ಮಾಡಿದೆ. ಉತ್ತರ ಅವ್ವನೇ ಕೊಟ್ಟಳು. "ಆ ಬುತ್ತಿ ನಾವೊಬ್ರ ಉಂಡೀವೇನು? ಪಕ್ಕದ ಬಂಡಿಯವ್ರು ಬಂದ್ರ ಕೊಟ್ವಿ, ಅವ್ರು ಕೊಟ್ಟಿದ್ದು ತಗೊಂಡ್ವಿ. ಎಣ್ಣಿ, ಮೆಣಸಿನಕಾಯಿ, ಬೆಂಡು ಬತ್ತಾಸು ಅಲ್ಲೇ ಕೊಂಡ್ವಿ. ಎರಡು ರಾತ್ರಿ ಇದ್ವಿ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬುತ್ತಿ ಕಟ್ಟಿದ್ದು ಕೈಯಲ್ಲಿ ರೊಕ್ಕ ಇಲ್ಲದಕ್ಕೆ. ಬಿಚ್ಚಿದರೆ ಹತ್ತು ಕೈ ಬರೋವು. ಹಡಗು ಅನ್ನೋದು ರೊಕ್ಕ ಇದ್ದೋರು ಕಟ್ಟಿಕೊಂಡ ಬುತ್ತಿ, ಅದನ್ನ ದಡದಲ್ಲಿ ಬಿಚ್ಚೋ ಹಾಗೂ ಇಲ್ಲ. ಬಫೆಯ ಅಡುಗೆ, ಹಣ್ಣು ಕೆಳಗೆ ತಗೊಂಡು ಹೋಗಬೇಡಿ ಅಂತ ಬಾಗಿಲಲ್ಲೇ ಬೋರ್ಡು. ನಮ್ಮೂರಿನ ಗೊರವರ ಕೈಯಲ್ಲಿ ಒಂದು ಮರದ ಪಾತ್ರೆ ಇರುತ್ತೆ, ಅದಕ್ಕೆ ದೋಣಿ ಅಂತಾರೆ. ಹಾಲು, ಬಾಳೆಹಣ್ಣು, ತುಪ್ಪ, ಸಕ್ಕರೆ ಹಾಕಿ ಊರವರು ದೋಣಿ ತುಂಬಿಸಬೇಕು, ಅವರು ಅದನ್ನ ಅಲ್ಲೇ ಉಣ್ಣಬೇಕು. ಬಂದವರ ದೋಣಿ ಊರವರಿಂದ ತುಂಬಿದರೇ ಸೇವೆ. ತುಂಬಿಸಿಕೊಂಡೇ ಬಂದ ದೋಣಿಗೆ ಊರು ಯಾಕೆ ಬೇಕು?

ಕೊಝುಮೆಲ್‌ನಲ್ಲಿ ನಾನು ಶೀಟ್ ಮುಚ್ಚಿಟ್ಟೆ. ಬಂದರಿನ ಅಂಗಡಿಗಳನ್ನ ದಾಟಿ ಊರೊಳಗೆ ನಡೆದ್ವಿ. ಒಂದು ಸಣ್ಣ ಖಾನಾವಳಿಯಂಥ ಜಾಗ, ನಾಲ್ಕೇ ಟೇಬಲ್. ಒಬ್ಬ ಅಜ್ಜಿ ಗೋವಿನಜೋಳದ ಹಿಟ್ಟು ಉಂಡೆ ಮಾಡಿ ಒತ್ತಿ ಹಂಚಿನ ಮೇಲೆ ಹಾಕ್ತಿದ್ದರು. ಅವ್ವ ಒಲೆ ಹತ್ರಾನೇ ಹೋಗಿ ನಿಂತಳು. ಭಾಷೆ ಒಂದಕ್ಷರ ಬರಲ್ಲ, ಇಬ್ಬರಿಗೂ. ಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ ಆಮೇಲೆ ರುಬ್ಬೋದು ಅವರ ಪದ್ಧತಿ. ನಾನು ಫೋನಿನಲ್ಲಿ ಓದಿ ಹೇಳಿದೆ, ಅವ್ವನಿಗೆ ನಂಬಿಕೆಯೇ ಬರಲಿಲ್ಲ. "ಸುಣ್ಣ? ಎಲಿ ಅಡಿಕಿಗೆ ಹಚ್ಚೋ ಸುಣ್ಣ?" ಕರಿ ಕಾಳು, ಪಾಪಸುಕಳ್ಳಿಯ ಎಲೆಯ ಪಲ್ಯ, ಹಸಿಮೆಣಸಿನ ಖಾರ. ಅಪ್ಪ ಆರು ರೊಟ್ಟಿ ಉಂಡ. ಮೂವರದೂ ಸೇರಿ ಆದ ಬಿಲ್ಲು, ಹಡಗಿನಲ್ಲಿ ಎರಡು ಜ್ಯೂಸಿಗೆ ಆಗುವಷ್ಟು.

ಅಲ್ಲಿ ಕೂತು ಅವ್ವನಿಗೆ ಹೇಳಿದೆ. ಯವ್ವ, ನೀನು ಮಿರ್ಚಿ ಮಾಡ್ತೀಯಲ್ಲ, ಆ ಮೆಣಸಿನಕಾಯಿಯ ತವರು ಈ ಸೀಮೆ. ಪೋರ್ಚುಗೀಸರು ಹಡಗಿನಲ್ಲಿ ತರೋವರೆಗೆ ನಮ್ಮ ಕಡೆ ಮೆಣಸಿನಕಾಯಿ ಇರಲಿಲ್ಲ. ಗೋವಿನಜೋಳಾನೂ ಇಲ್ಲಿಂದಲೇ. ನಮ್ಮ ಹೊಳೆ ಆಚೆಯ ಬ್ಯಾಡಗಿಯ ಕೆಂಪು ಮೆಣಸಿನಕಾಯಿಯ ಮುತ್ತಜ್ಜನ ಊರು ಇದು. ಅವ್ವ ಖಾರ ಒಂದು ಬೆರಳು ನೆಕ್ಕಿ ಅಂದಳು, "ಹಂಗಾರ ನನ್ನ ಅಂಗಡಿ ಸಾಲ ಇಲ್ಲಿದ್ದು."

ಏಳುವಾಗ ಅಜ್ಜಿ ಅವ್ವನ ಕೈ ಹಿಡ್ಕೊಂಡು ಏನೋ ಅಂದರು. ಅವ್ವ ಕನ್ನಡದಲ್ಲೇ "ಚಂದ ಇತ್ತು, ಬರ್ತೀನ್ರಿ" ಅಂದಳು. ಇಡೀ ಕ್ರೂಸಿನಲ್ಲಿ ಅವ್ವ ಊರಿಗೆ ಬಂದು ಎಲ್ಲರಿಗೂ ಹೇಳಿದ್ದು ಇದೊಂದೇ ಕಥೆ. ಐಸ್ ಶೋ, ಈಜುಕೊಳ, ಇಪ್ಪತ್ತು ಥರದ ಸಿಹಿ, ಯಾವುದೂ ಅವಳ ಬಾಯಲ್ಲಿ ಬರಲ್ಲ.

ಫಾಲ್ಮತ್‌ಗೆ ಮಾತ್ರ ತಿರುಗಿ ಹೋಗೋಕೆ ಆಗಲಿಲ್ಲ. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಜಮೈಕಾದ ಪಶ್ಚಿಮ ಭಾಗಕ್ಕೆ ಬಡಿಯಿತು, ಅತಿ ದೊಡ್ಡ ಐದನೇ ದರ್ಜೆಯ ಗಾಳಿ. ಟೀವಿಯಲ್ಲಿ ಹಾರಿಹೋದ ಚಾವಣಿಗಳನ್ನ ನೋಡ್ತಾ ನನಗೆ ಆ ಇದ್ದಿಲ ಒಲೆ ನೆನಪಾಯ್ತು. ಅವ್ವ ಫೋನಿನಲ್ಲಿ ಕೇಳಿದಳು, "ಆಕಿ ಊರೇನೋ ಅದು?" ಹೌದು ಅಂದೆ. ಆಕೆಯ ಹೆಸರು ನಾನು ಕೇಳಿರಲಿಲ್ಲ. ಐದು ನಿಮಿಷ ನಿಂತು ಉಂಡಿದ್ದರೆ ಹೆಸರಾದರೂ ಗೊತ್ತಿರುತ್ತಿತ್ತು.

ಹಳೇ ಶೀಟ್ ಕೇಳೋರಿಗೆ ಇನ್ನು ಮುಂದೆ ಇಷ್ಟೇ ಕಳಿಸ್ತೀನಿ. ನಕಲು ಮಾಡ್ಕೊಳ್ಳಿ:

1. ಇಳಿಯುವ ಪ್ರತಿ ಊರಲ್ಲೂ ಒಂದು ಊಟ ಊರವರ ಕೈಯಿಂದ. ಆ ದಿನ ಹಡಗಿನಲ್ಲಿ ಬೆಳಿಗ್ಗೆ ಹಗುರಕ್ಕೆ ತಿನ್ನಿ.

2. ಬಂದರಿನ ಗೇಟು ದಾಟಿ ಹದಿನೈದು ನಿಮಿಷ ನಡೀರಿ. ಊರಿನ ಜನವೇ ಕೂತು ಉಣ್ಣೋ ಜಾಗ ನೋಡಿ.

3. ಗಡಿಯಾರ ಹಡಗಿನದ್ದೇ ಲೆಕ್ಕ. ಜಮೈಕಾ, ಕೇಮನ್, ಕೊಝುಮೆಲ್‌ನಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸಲ್ಲ, ಫ್ಲಾರಿಡಾದಲ್ಲಿ ತಿರುಗಿಸ್ತಾರೆ. ಹಂಗಾಗಿ ಬೇಸಿಗೆಯಲ್ಲಿ ಹಡಗಿನ ಹೊತ್ತು ಊರಿನ ಹೊತ್ತಿಗಿಂತ ಒಂದು ಗಂಟೆ ಮುಂದಿರಬಹುದು. ಹತ್ತುವ ಕೊನೇ ಹೊತ್ತಿಗಿಂತ ಒಂದು ತಾಸು ಮೊದಲೇ ಗೇಟಲ್ಲಿರಿ.

4. ಜಮೈಕಾದಲ್ಲಿ "ಐಟಲ್" ಕೇಳಿ. ಮೆಕ್ಸಿಕೋದಲ್ಲಿ "ಸಿನ್ ಕಾರ್ನೆ, ಸಿನ್ ಮಾಂಟೇಕಾ" ಅನ್ನಿ. ಮಾಂಸ ಬೇಡ, ಹಂದಿಕೊಬ್ಬು ಬೇಡ ಅಂತ ಅರ್ಥ. ಕಾಳು ಬೇಯಿಸೋಕೆ ಕೊಬ್ಬು ಹಾಕೋದು ಅಲ್ಲಿ ರೂಢಿ, ಕೇಳಿಯೇ ತಿನ್ನಿ.

5. ಒಂದು, ಐದು ಡಾಲರಿನ ಸಣ್ಣ ನೋಟು ಇಟ್ಕೊಳ್ಳಿ. ಚೌಕಾಸಿ ಮಾಡಬೇಡಿ. ನಮ್ಮವರ ಮಾನ ಕಳೀಬೇಡಿ.

6. ಹೆಸರು ಕೇಳಿ.

ಕೊನೆಗೆ ಒಂದು ಮಾತು, ಊರಲ್ಲೇ ಇರೋರಿಗೂ. ಹಡಗು ಮಂಗಳೂರಿಗೂ ಬರುತ್ತೆ. ಪಣಂಬೂರಿನ ಬಂದರಿಗೆ ಬಂದ ವಿದೇಶದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಅಲೋಶಿಯಸ್ ಚಾಪೆಲ್ ನೋಡ್ಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಅವರು ನೀರುದೋಸೆ ತಿನ್ನದೆ ಹೋದರೆ ನಮಗೆ ಬೇಜಾರಾಗುತ್ತೆ ಅಲ್ವಾ? ಆ ಬೇಜಾರು ನಾವು ಹಡಗಿನಿಂದ ಇಳಿಯುವಾಗಲೂ ನೆನಪಿರಲಿ. ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಕ್ರೂಸ್ ಹೋಗೋ ಕನ್ನಡಿಗರಿಗೂ ಇದೇ ಮಾತು.

ಮತ್ತೆ, ಭರತ ಹುಣ್ಣಿಮೆಗೆ ಮೈಲಾರಕ್ಕೆ ಬನ್ನಿ. ಬುತ್ತಿ ತಂದರೆ ಬಿಚ್ಚಿ ಹಂಚ್ಕೊಂಡು ಉಣ್ಣಿ, ತರದಿದ್ದರೆ ಇನ್ನೂ ಒಳ್ಳೇದು. ಮಗ ಡಾಲರ್ ಕಳಿಸ್ತಾನೆ, ಅಂಗಡಿ ಬಿಡು ಅಂತ ನಾನು ಎಷ್ಟು ಹೇಳಿದರೂ ಅವ್ವ ಬಿಟ್ಟಿಲ್ಲ. ಜಾತ್ರೆಗೆ ಬಾಣಲಿ ಇಟ್ಟೇ ಇಡ್ತಾಳೆ. ಬಿಸಿ ಬಿಸಿ ಮಿರ್ಚಿ, ಹೊಟ್ಟೆ ಕೆಡಲ್ಲ. ನಾನು ಇಪ್ಪತ್ತು ವರ್ಷ ತಿಂದವನು, ನನ್ನ ಮೇಲೆ ನಂಬಿಕೆ ಇಡಿ :-)